ತಿಗಣೆ ಕಾಟಕ್ಕೆ ಯಾವ ದಾರಿ? ಬಿಸಿನೀರು, ಸ್ಟೀಮ್, ಪುಡಿ, ಸ್ಪ್ರೇ, ಪೆಸ್ಟ್ ಕಂಟ್ರೋಲ್: ನಿಮ್ಮ ಮನೆಗೆ ಹೊಂದುವುದನ್ನು ಆರಿಸಿಕೊಳ್ಳಿ

ಅಕ್ಕನ ಮಗಳು ಮಾರತ್ತಹಳ್ಳಿಯ ಪಿಜಿಯೊಂದರಲ್ಲಿದ್ದಾಳೆ. ಹೋದ ತಿಂಗಳು ರಾತ್ರಿ ಹನ್ನೆರಡೂವರೆಗೆ ಅವಳಿಂದ ಒಂದು ಫೋಟೋ ಬಂತು. ಮೊಣಕೈಯಿಂದ ಮಣಿಕಟ್ಟಿನವರೆಗೆ ಸಾಲಾಗಿ ಕೆಂಪು ದದ್ದು. "ಚಿಕ್ಕಮ್ಮಾ, ಇದು ತಿಗಣೆನೇ ಅಲ್ವಾ? ಓನರ್ ಆಂಟಿ ಸ್ಪ್ರೇ ಹೊಡೆಸ್ತೀನಿ ಅಂತಾರೆ, ರೂಮ್‌ಮೇಟ್ ಪುಡಿ ತರಿಸೋಣ ಅಂತಾಳೆ. ಯಾವುದು ಮಾಡ್ಲಿ?" ಅದೇ ವಾರ ಆಫೀಸಿನ ಗೆಳತಿಯೂ ಇದನ್ನೇ ಕೇಳಿದಳು. ಅವಳದು ರಾಜಾಜಿನಗರದಲ್ಲಿ ಬಾಡಿಗೆ ಮನೆ, ಏಳು ತಿಂಗಳ ಕೂಸು. ಔಷಧಿ ಹೊಡೆಸಲು ಭಯ. ಹೊಡೆಸದಿದ್ದರೆ ಬೆಳಗಾದರೆ ಮಗುವಿನ ಕೆನ್ನೆ ಮೇಲೆ ಕಚ್ಚಿದ ಗುರುತು.

ಇಬ್ಬರಿಗೂ ನಾನು ಒಂದೇ ಉತ್ತರ ಕೊಡಲಿಲ್ಲ. ಎರಡು ವರ್ಷದ ಹಿಂದೆ ವಿಜಯನಗರದ ನಮ್ಮ ಮನೆಗೆ ಒಂದು ಸೆಕೆಂಡ್ ಹ್ಯಾಂಡ್ ದಿವಾನ್ ಜೊತೆ ತಿಗಣೆ ಬಂತು. ನಾಲ್ಕು ತಿಂಗಳು ನಿದ್ದೆಗೆಟ್ಟೆವು. ಜನ ಹೇಳಿದ ಉಪಾಯಗಳಲ್ಲಿ ಮುಕ್ಕಾಲು ಪಾಲು ಮಾಡಿ ನೋಡಿದೆವು. ಆಗ ಅರ್ಥವಾದದ್ದು ಇಷ್ಟು: ಎಲ್ಲರ ಮನೆಗೂ ಸರಿಹೋಗುವ ಒಂದೇ ದಾರಿ ಇಲ್ಲ. ಆದರೆ ಯಾವ ದಾರಿ ಎಲ್ಲಿ ಕೈಕೊಡುತ್ತದೆ ಅನ್ನುವುದನ್ನು ಮೊದಲೇ ತಿಳಿದುಕೊಳ್ಳಬಹುದು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ತಿಗಣೆ ಬಂದರೆ ಮನೆ ಗಲೀಜು ಅಂತಲ್ಲ. ಬಸ್ಸಿನ ಸೀಟು, ರೈಲಿನ ಬರ್ತು, ಹೋಟೆಲ್ ರೂಮು, ಮನೆ ಶಿಫ್ಟಿಂಗ್‌ನವರು ಸಾಮಾನಿಗೆ ಸುತ್ತುವ ಕಂಬಳಿ, ನೆಂಟರ ಸೂಟ್‌ಕೇಸು, ಎಲ್ಲಿಂದಲಾದರೂ ಬರುತ್ತದೆ. ಅದಕ್ಕೆ ಬೇಕಿರುವುದು ರಕ್ತ, ಕೊಳೆಯಲ್ಲ. ನಾಚಿಕೆಯಿಂದ ಮುಚ್ಚಿಟ್ಟುಕೊಂಡರೆ ಅದು ಬೆಳೆಯುತ್ತಾ ಹೋಗುತ್ತದೆ. ಇನ್ನೊಂದು ಸಮಾಧಾನವೂ ಇದೆ: ತಿಗಣೆ ಕಚ್ಚುವುದರಿಂದ ಮನುಷ್ಯರಿಗೆ ಯಾವುದೇ ರೋಗ ಹರಡುವುದು ಇದುವರೆಗೆ ಕಂಡುಬಂದಿಲ್ಲ. ತುರಿಕೆ, ಕೆರೆದು ಆಗುವ ಗಾಯ, ನಿದ್ದೆ ಹಾಳಾಗುವುದು, ಇವೇ ಅದರ ತೊಂದರೆ. ಹಾಗಾಗಿ ಗಾಬರಿಯಲ್ಲಿ ಅಪಾಯದ ಔಷಧಿಗೆ ಕೈಹಾಕುವ ಅಗತ್ಯ ಖಂಡಿತ ಇಲ್ಲ.

ಮೊದಲು, ಅದು ತಿಗಣೆಯೇ?

ದದ್ದು ನೋಡಿ ನಿರ್ಧರಿಸಬೇಡಿ. ಒಂದೇ ಹಾಸಿಗೆಯಲ್ಲಿ ಮಲಗುವ ಇಬ್ಬರಲ್ಲಿ ಒಬ್ಬರಿಗೆ ದೊಡ್ಡ ದೊಡ್ಡ ದದ್ದು ಎದ್ದರೆ ಇನ್ನೊಬ್ಬರಿಗೆ ಏನೂ ಆಗದಿರಬಹುದು. ಕೆಲವರಿಗೆ ಕಚ್ಚಿ ಎರಡು ಮೂರು ದಿನವಾದ ಮೇಲೆ ಏಳುತ್ತದೆ. ಕಣ್ಣಿಗೆ ಸಾಕ್ಷಿ ಬೇಕು. ಹಾಸಿಗೆಯ ಅಂಚಿನ ಹೊಲಿಗೆಯನ್ನು ಹೆಬ್ಬೆರಳಿನಿಂದ ಮಡಚಿ ಟಾರ್ಚ್ ಬಿಟ್ಟು ನೋಡಿ. ಪೆನ್ನಿನ ಇಂಕು ತಾಗಿದ ಹಾಗೆ ಕಪ್ಪು ಚುಕ್ಕೆಗಳಿದ್ದರೆ ಅದು ತಿಗಣೆಯ ಹಿಕ್ಕೆ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಕಂದು ಬಣ್ಣ ಹರಡುತ್ತದೆ. ಅದರ ಜೊತೆ ಹಗುರವಾದ ಕಂದು ಪೊರೆಗಳೂ ಸಿಗುತ್ತವೆ.

ನಮ್ಮ ದಿವಾನ್‌ನಲ್ಲಿ ಹಾಸಿಗೆ ಮೇಲೆ ಒಂದೂ ಇರಲಿಲ್ಲ. ಸ್ಕ್ರೂಡ್ರೈವರ್ ತಂದು ಮೂಲೆಯ ಒಂದು ಸ್ಕ್ರೂ ಬಿಚ್ಚಿದೆ. ಆ ತೂತಿನೊಳಗೆ ಹನ್ನೊಂದು ಇದ್ದವು. ದೊಡ್ಡವು ಅರ್ಧ ಸೆಂಟಿಮೀಟರ್ ಉದ್ದ, ಒಣಗಿದ ಹುಣಿಸೆ ಸಿಪ್ಪೆಯ ಬಣ್ಣ. ಅವುಗಳ ಹಿಂದೆ ಮರಕ್ಕೆ ಅಂಟಿಕೊಂಡು ಬಿಳಿ ಮೊಟ್ಟೆಗಳು, ಎಳ್ಳಿಗಿಂತ ಚಿಕ್ಕವು, ಒಂದು ಮಿಲಿಮೀಟರ್ ಇರಬಹುದು. ಬೆರಳಲ್ಲಿ ಉಜ್ಜಿದರೂ ಬಿಡಲಿಲ್ಲ. ಅಷ್ಟು ದಿನ ಹೊಡೆದ ಸ್ಪ್ರೇ ಎಲ್ಲಾ ಎಲ್ಲಿಗೆ ಹೋಯಿತು ಅನ್ನುವುದು ಆವತ್ತು ಗೊತ್ತಾಯಿತು. ಅದು ಆ ತೂತಿನ ಒಳಗೆ ಹೋಗಿರಲೇ ಇಲ್ಲ.

ಯಾವುದನ್ನು ನೋಡಿ ಆರಿಸಬೇಕು?

ಮೊದಲನೆಯದು ಮೊಟ್ಟೆ. ಒಂದು ಹೆಣ್ಣು ತಿಗಣೆ ದಿನಕ್ಕೆ ಒಂದರಿಂದ ಐದು ಮೊಟ್ಟೆ ಇಡುತ್ತದೆ. ಬೆಂಗಳೂರಿನ ಹವೆಯಲ್ಲಿ ಅವು ಆರರಿಂದ ಹತ್ತು ದಿನದೊಳಗೆ ಒಡೆಯುತ್ತವೆ. ಮರಿ ಐದು ಸಲ ಪೊರೆ ಬಿಟ್ಟು ದೊಡ್ಡದಾಗುತ್ತದೆ, ಪ್ರತಿ ಸಲಕ್ಕೂ ಒಂದು ಹೊಟ್ಟೆ ರಕ್ತ ಬೇಕು. ಬಹುಪಾಲು ಕೀಟನಾಶಕಗಳು ಮೊಟ್ಟೆಯನ್ನು ಸರಿಯಾಗಿ ಕೊಲ್ಲುವುದಿಲ್ಲ. "ಒಂದು ಸಲ ಹೊಡೆಸಿದೆವು, ಹತ್ತು ದಿನ ಆರಾಮಾಗಿತ್ತು, ಮತ್ತೆ ಶುರುವಾಯ್ತು" ಅಂತ ಎಲ್ಲರೂ ಹೇಳುವುದು ಇದಕ್ಕೇ. ಆದ್ದರಿಂದ ಯಾವ ದಾರಿಯನ್ನೇ ನೋಡಿ, ಮೊದಲು ಕೇಳಬೇಕಾದ್ದು: ಇದರಿಂದ ಮೊಟ್ಟೆ ಸಾಯುತ್ತದಾ? ಇಲ್ಲವಾದರೆ ಎರಡನೇ ಸಲ ಯಾವಾಗ ಮಾಡಬೇಕು?

ಎರಡನೆಯದು ಸಂದಿ. ತಿಗಣೆ ದಿನದ ಹೆಚ್ಚು ಹೊತ್ತು ಸಂದಿಯಲ್ಲೇ ಇರುತ್ತದೆ. ರಾತ್ರಿ ನಮ್ಮ ಉಸಿರು, ಮೈ ಬಿಸಿ ಹಿಡಿದು ಬಂದು ಐದು ಹತ್ತು ನಿಮಿಷ ಕುಡಿದು ವಾಪಸ್. ಮಂಚದ ಜೋಡಣೆ, ಸ್ಕ್ರೂ ತೂತು, ಬಾಕ್ಸ್ ಮಂಚದ ಪ್ಲೈವುಡ್ ಅಂಚು, ಸೊಳ್ಳೆ ಪರದೆಯ ಮಡಿಕೆ, ತಲೆದೆಸೆಯ ಗೋಡೆಯ ಕ್ಯಾಲೆಂಡರ್ ಹಿಂಭಾಗ, ಸ್ವಿಚ್ ಬೋರ್ಡ್, ಪ್ಲಾಸ್ಟಿಕ್ ಕುರ್ಚಿಯ ಅಡಿ. ಅಲ್ಲಿಗೆ ತಲುಪದ ಔಷಧಿ ಎಷ್ಟು ಜೋರಾಗಿದ್ದರೂ ದಂಡ.

ಮೂರನೆಯದು ಮನೆಯಲ್ಲಿ ಯಾರಿದ್ದಾರೆ ಅನ್ನುವುದು. ಕೂಸು, ಬಸುರಿ, ಆಸ್ತಮಾ ಇರುವ ಅಜ್ಜಿ, ಬೆಕ್ಕು, ಮೀನಿನ ತೊಟ್ಟಿ. ಇವುಗಳಲ್ಲಿ ಒಂದಿದ್ದರೂ ಲೆಕ್ಕ ಬದಲಾಗುತ್ತದೆ. ಆಮೇಲೆ ದುಡ್ಡು ಮತ್ತು ಮೈಬಲ. ಅಗ್ಗದ ದಾರಿಗಳೆಲ್ಲ ಶ್ರಮ ಕೇಳುತ್ತವೆ. ದುಬಾರಿ ದಾರಿಯಲ್ಲೂ ಅರ್ಧ ಕೆಲಸ ನೀವೇ ಮಾಡಬೇಕು.

ಬಿಸಿ: ಅಗ್ಗ, ಮೊಟ್ಟೆಗೂ ಮದ್ದು

ನನ್ನ ಮೊದಲ ಓಟು ಇದಕ್ಕೇ. ಸುಮಾರು 50 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿ ಒಂದಷ್ಟು ಹೊತ್ತು ತಾಗಿದರೆ ದೊಡ್ಡದು, ಮರಿ, ಮೊಟ್ಟೆ ಮೂರೂ ಸಾಯುತ್ತವೆ. ಔಷಧಿಗೆ ಒಗ್ಗಿಕೊಂಡ ಹಾಗೆ ಈ ಬಿಸಿಗೆ ಅವು ಒಗ್ಗಿಕೊಂಡು ಉಳಿಯುವುದಿಲ್ಲ. ನಮ್ಮ ಅಜ್ಜಿ ನವಾರದ ಮಂಚವನ್ನು ಅಂಗಳಕ್ಕೆ ಹಾಕಿ ಕುದಿಯುವ ನೀರು ಸುರಿಯುತ್ತಿದ್ದರು. ಅದು ಸರಿಯಾದ ಕೆಲಸವೇ ಆಗಿತ್ತು.

ಬಟ್ಟೆಗಳಿಂದ ಶುರು ಮಾಡಿ. ಬೆಡ್‌ಶೀಟ್, ದಿಂಬಿನ ಕವರ್, ಪರದೆ, ಹೊದಿಕೆ. ಫ್ರಂಟ್ ಲೋಡ್ ಮೆಷಿನ್ ಇದ್ದರೆ 60 ಡಿಗ್ರಿಗೆ ಇಟ್ಟು ಒಗೆಯಿರಿ. ಟಾಪ್ ಲೋಡ್ ಮೆಷಿನ್‌ಗಳಲ್ಲಿ ಹೆಚ್ಚಿನವು ನೀರು ಕಾಯಿಸುವುದಿಲ್ಲ. ತಣ್ಣೀರಲ್ಲಿ ಒಗೆದರೆ ಮೊಟ್ಟೆ ಉಳಿಯುತ್ತದೆ. ಬೆಂಗಳೂರಿನಲ್ಲಿ ಎಷ್ಟೋ ಮನೆಗಳ ತಾರಸಿ ಮೇಲೆ ಸೋಲಾರ್ ಇದೆ ಅಲ್ವಾ, ಬಿಸಿಲಿನ ದಿನ ಮಧ್ಯಾಹ್ನ ಎರಡು ಮೂರು ಗಂಟೆಗೆ ಅದರಿಂದ ಕೈ ಇಡಲಾಗದಷ್ಟು ಬಿಸಿನೀರು ಬರುತ್ತದೆ. ಬಕೆಟ್‌ಗೆ ಹಿಡಿದು ಬಟ್ಟೆ ಪೂರ್ತಿ ಮುಳುಗಿಸಿ ಮುಚ್ಚಿಡಿ, ಅರ್ಧ ಗಂಟೆ. ಬೆಳಿಗ್ಗೆಯ ಸೋಲಾರ್ ನೀರು ಸಾಲದೆ ಹೋಗಬಹುದು, ಒಂದು ಪಾತ್ರೆ ಕುದಿಸಿದ ನೀರು ಸೇರಿಸಿ. ಹತ್ತಿರದಲ್ಲಿ ಡ್ರೈಯರ್ ಇರುವ ಲಾಂಡ್ರಿ ಇದ್ದರೆ ಇನ್ನೂ ಸುಲಭ, ಜಾಸ್ತಿ ಬಿಸಿಯಲ್ಲಿ ಅರ್ಧ ಗಂಟೆ ತಿರುಗಿಸಿದರೆ ಸಾಕು. ಆದರೆ ಬಟ್ಟೆಯನ್ನು ಬಾಯಿ ಬಿಗಿದ ಪ್ಲಾಸ್ಟಿಕ್ ಚೀಲದಲ್ಲೇ ಒಯ್ಯಿರಿ. ಇಸ್ತ್ರಿ ಅಂಗಡಿಯವರಿಗೆ ಹಾಗೇ ಗಂಟು ಕಟ್ಟಿ ಕೊಟ್ಟರೆ ಅವರ ಬಂಡಿಯಿಂದ ಬೀದಿಯ ಎಲ್ಲರ ಮನೆಗೂ ಹೋಗುತ್ತದೆ.

ಮಂಚಕ್ಕೆ ಕುದಿಯುವ ನೀರು ಹಾಕಬಹುದಾ? ಅದು ಮಂಚ ಯಾವುದು ಅನ್ನುವುದರ ಮೇಲೆ ನಿಂತಿದೆ. ಪಿಜಿಯ ಕಬ್ಬಿಣದ ಮಂಚಕ್ಕೆ ಇದಕ್ಕಿಂತ ಒಳ್ಳೆಯ ಉಪಾಯ ಇಲ್ಲ. ಪೈಪಿನ ತುದಿಯ ಪ್ಲಾಸ್ಟಿಕ್ ಮುಚ್ಚಳ ತೆಗೆದು ಕೆಟಲ್‌ನಿಂದ ನೇರವಾಗಿ ಸುರಿಯಿರಿ, ಕಾಲಿಗೆ ಬೀಳದ ಹಾಗೆ ಎಚ್ಚರ. ತೇಗದ ಮಂಚವಾದರೆ ಪಾಲಿಶ್ ಬೆಳ್ಳಗಾಗುತ್ತದೆ, ಮರಕ್ಕೆ ಏನೂ ಆಗುವುದಿಲ್ಲ. ಪ್ಲೈವುಡ್, ಪಾರ್ಟಿಕಲ್ ಬೋರ್ಡಿನ ಬಾಕ್ಸ್ ಮಂಚಕ್ಕೆ ಮಾತ್ರ ಹಾಕಬೇಡಿ. ಅದು ಊದಿಕೊಂಡು ಬಿಡುತ್ತದೆ, ಸ್ಕ್ರೂ ನಿಲ್ಲುವುದಿಲ್ಲ.

ಅಂಥ ಮಂಚಕ್ಕೆ, ಹಾಸಿಗೆಗೆ, ಸೋಫಾಗೆ ಸ್ಟೀಮರ್. ಕೈಯಲ್ಲಿ ಹಿಡಿಯುವಂಥದ್ದನ್ನು ನಾನು ಸುಮಾರು ಮೂರೂವರೆ ಸಾವಿರಕ್ಕೆ ತಗೊಂಡೆ. ಬಟ್ಟೆಗೆ ಹಿಡಿಯುವ ಸಣ್ಣ ಗಾರ್ಮೆಂಟ್ ಸ್ಟೀಮರ್‌ಗಿಂತ ನೆಲ, ಟೈಲ್ಸ್ ಒರೆಸುವ ಸ್ಟೀಮ್ ಕ್ಲೀನರ್ ವಾಸಿ, ಹಬೆ ಬಿಸಿಯಾಗಿ ಒಂದೇ ಸಮ ಬರುತ್ತದೆ. ಇದರಲ್ಲಿ ಎಲ್ಲರೂ ಮಾಡುವ ತಪ್ಪು ಅವಸರ. ಒಂದು ಗೇಣು ದೂರ ಸಾಗಲು ಹತ್ತು ಸೆಕೆಂಡಾದರೂ ತೆಗೆದುಕೊಳ್ಳಬೇಕು. ಸಣ್ಣ ಮೂತಿಯ ನಳಿಕೆಯಿಂದ ಜೋರಾಗಿ ಹಬೆ ಬಿಟ್ಟರೆ ತಿಗಣೆ ಸಾಯುವ ಬದಲು ಆ ರಭಸಕ್ಕೆ ಸಿಡಿದು ಮೂಲೆ ಸೇರುತ್ತದೆ. ಅಗಲವಾದ ತಲೆಗೆ ಹತ್ತಿ ಬಟ್ಟೆ ಸುತ್ತಿ ಹಿಡಿಯಿರಿ. ಸ್ವಿಚ್ ಬೋರ್ಡಿನ ಹತ್ತಿರ ಹಬೆ ಒಯ್ಯಲೇಬೇಡಿ. ಒಂದು ಡಬಲ್ ಕಾಟ್, ಅದರ ಹಾಸಿಗೆ, ಎರಡೂ ಸೇರಿ ನನಗೆ ಮೂರು ಗಂಟೆ ಹಿಡಿಯಿತು. ಬೆನ್ನು ನೋವು ಬಂತು ನಿಜ, ಆದರೆ ಮಗು ಅದೇ ರಾತ್ರಿ ಅದೇ ಕೋಣೆಯಲ್ಲಿ ಮಲಗಬಹುದು. ಹಾಸಿಗೆ ಒಣಗಿದ್ದರೆ ಆಯಿತು. ಹಬೆಯ ಕೊರತೆ ಏನೆಂದರೆ, ಅದು ತಾಗಿದ ಕಡೆ ಮಾತ್ರ, ತಾಗಿದ ಹೊತ್ತು ಮಾತ್ರ. ನಾಳೆ ಗೋಡೆಯಿಂದ ಇಳಿದು ಬರುವ ತಿಗಣೆಗೆ ಅದರ ಲೆಕ್ಕವಿಲ್ಲ.

ಬಿಸಿಲಿನ ವಿಷಯ. "ತಾರಸಿ ಮೇಲೆ ಹಾಸಿಗೆ ಒಣಗಿಸಿ" ಅಂತ ಎಲ್ಲರೂ ಹೇಳುತ್ತಾರೆ. ಏಪ್ರಿಲ್‌ನಲ್ಲೂ ಬೆಂಗಳೂರಿನ ಗಾಳಿಯ ಬಿಸಿ 35 ಡಿಗ್ರಿಯ ಆಸುಪಾಸು. ಹಾಸಿಗೆಯ ಮೇಲ್ಮೈ ಸುಡಬಹುದು, ನಡುಭಾಗ ಸುಡುವುದಿಲ್ಲ. ತಿಗಣೆ ಸುಮ್ನೆ ಕೆಳಗಿನ ನೆರಳಿಗೆ ಸರಿಯುತ್ತದೆ. ಚಪ್ಪಲಿ, ಖಾಲಿ ಬ್ಯಾಗು, ಮಕ್ಕಳ ಬಟ್ಟೆ ಬೊಂಬೆ ಇಂಥ ಚಿಕ್ಕ ಸಾಮಾನಿಗೆ ಬಿಸಿಲು ಆಗುತ್ತದೆ, ಅದೂ ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ತೆಳ್ಳಗೆ ಹರಡಿ, ಬಿಸಿಲಲ್ಲಿ ಗಾಜು ಏರಿಸಿ ನಿಲ್ಲಿಸಿದ ಕಾರಿನೊಳಗೆ ಇಟ್ಟರೆ. ಒಳಗೊಂದು ಥರ್ಮಾಮೀಟರ್ ಇಡಿ, 50 ದಾಟಿ ಒಂದೆರಡು ಗಂಟೆ ನಿಲ್ಲಬೇಕು. ಜೂನ್‌ನಿಂದ ಅಕ್ಟೋಬರ್‌ವರೆಗಿನ ಮೋಡದಲ್ಲಿ ಈ ಆಸೆ ಬಿಟ್ಟುಬಿಡಿ. ಪುಸ್ತಕ, ಫೋಟೋ ಆಲ್ಬಮ್‌ಗೆ ಬಿಸಿ ಬೇಡ. ಚೀಲದಲ್ಲಿ ಸುತ್ತಿ ಫ್ರೀಜರ್‌ನಲ್ಲಿ ಇಡಿ, ಮೈನಸ್ 18 ಡಿಗ್ರಿ ಇರುವುದಾದರೆ ನಾಲ್ಕು ದಿನ.

ಪುಡಿ ಮತ್ತು ಜಿಪ್ ಕವರ್

ಡಯಾಟಮೇಶಿಯಸ್ ಅರ್ಥ್ ಎಂಬ ಬಿಳಿ ಪುಡಿ ಈಗ ಆನ್‌ಲೈನ್‌ನಲ್ಲಿ ಸುಲಭವಾಗಿ ಸಿಗುತ್ತದೆ. ಇದು ವಿಷವಲ್ಲ. ತಿಗಣೆಯ ಮೈಮೇಲಿನ ಮೇಣದ ಪದರವನ್ನು ಹಾಳುಮಾಡಿ ಅದನ್ನು ಒಣಗಿಸಿ ಕೊಲ್ಲುತ್ತದೆ. ಒಳ್ಳೆಯದು ಏನೆಂದರೆ, ಒಣಗಿದ್ದಷ್ಟು ದಿನ ಕೆಲಸ ಮಾಡುತ್ತಲೇ ಇರುತ್ತದೆ. ಮೊಟ್ಟೆ ಒಡೆದು ಹೊರಬಂದ ಮರಿ ಅದನ್ನು ದಾಟಲೇಬೇಕು. ಹಬೆಯಲ್ಲಿ ಇಲ್ಲದ ಗುಣ ಇದು. ಆದರೆ ನಿಧಾನ, ಎರಡು ವಾರವೂ ಹಿಡಿಯಬಹುದು. ಮಳೆಗಾಲದ ತೇವದಲ್ಲಿ ಅದರ ಕಸುವು ಕಡಿಮೆ.

ಹಾಕುವ ಬಗೆಯಲ್ಲೇ ಎಲ್ಲಾ ಇದೆ. ರಂಗೋಲಿ ಹಾಕಿದ ಹಾಗೆ ಗೆರೆ ಎಳೆದರೆ ತಿಗಣೆ ಸುತ್ತು ಹಾಕಿ ಹೋಗುತ್ತದೆ. ಕಣ್ಣಿಗೆ ಕಾಣುವಷ್ಟು ದಪ್ಪ ಇದ್ದರೆ ಜಾಸ್ತಿಯಾಯಿತು ಅಂತ ಅರ್ಥ. ಹಳೆಯ ಮೇಕಪ್ ಬ್ರಷ್‌ನಲ್ಲಿ ಅದ್ದಿ, ಕೊಡವಿ, ಉಳಿದದ್ದನ್ನು ಮಂಚದ ಸಂದಿಗೆ, ಗೋಡೆಯ ಬಿರುಕಿಗೆ, ಕಿಟಕಿ ಚೌಕಟ್ಟಿಗೆ ಸವರಬೇಕು. ಮೂಗಿಗೆ ಮಾಸ್ಕ್ ಬೇಕೇ ಬೇಕು, ಆ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಹಾಸಿಗೆ ಮೇಲೆ, ಫ್ಯಾನ್ ಗಾಳಿಗೆ ಹಾರುವ ಕಡೆ, ಅಂಬೆಗಾಲಿಡುವ ಮಗು ಕೈಯಾಡಿಸುವ ಕಡೆ ಬೇಡ.

ಜಿಪ್ ಇರುವ ಹಾಸಿಗೆ ಕವರ್ ತಿಗಣೆಯನ್ನು ಓಡಿಸುವುದಿಲ್ಲ, ಆದರೆ ಹಾಸಿಗೆಯನ್ನು ಉಳಿಸುತ್ತದೆ. ಆರೂ ಬದಿ ಮುಚ್ಚುವಂಥದ್ದೇ ಆಗಬೇಕು. ಎಲಾಸ್ಟಿಕ್ ಇರುವ ವಾಟರ್‌ಪ್ರೂಫ್ ಪ್ರೊಟೆಕ್ಟರ್ ನಡೆಯುವುದಿಲ್ಲ, ಕೆಳಗೆ ತೆರೆದಿರುತ್ತದಲ್ಲ. ಒಳಗೆ ಸಿಕ್ಕಿಕೊಂಡವು ಹೊರಗೆ ಬರಲಾಗದೆ ಹಸಿದು ಸಾಯುತ್ತವೆ, ಆದರೆ ತಿಂಗಳುಗಟ್ಟಲೆ ರಕ್ತವಿಲ್ಲದೆ ಬದುಕುವ ಜೀವ ಅದು. ಹಾಗಾಗಿ ವರ್ಷದವರೆಗೆ ಕವರ್ ತೆಗೆಯಬೇಡಿ. ಹತ್ತು ಹದಿನೈದು ಸಾವಿರದ ಹಾಸಿಗೆ ಇರುವವರಿಗೆ ಇದು ಒಳ್ಳೆಯ ಖರ್ಚು. ಹಳೆಯ ಹತ್ತಿ ಹಾಸಿಗೆ, ಹೊಲಿಗೆ ಬಿಟ್ಟಿದ್ದರೆ, ಅದಕ್ಕೆ ಕವರ್ ಹಾಕುವುದಕ್ಕಿಂತ ಅದನ್ನು ಬಿಡುವುದೇ ಲೇಸು.

ಬಿಡುವುದು ಅಂದೆ, ಆದರೆ ಎಲ್ಲವನ್ನೂ ಬಿಸಾಡುವ ಯೋಚನೆ ಬೇಡ. ನೆಗಡಿ ಬಂತು ಅಂತ ಮೂಗು ಕೊಯ್ದುಕೊಂಡ ಹಾಗೆ ಆಗುತ್ತದೆ. ಮಂಚ ಹೋದರೂ ಗೋಡೆ ಸಂದಿಯಲ್ಲಿ ಉಳಿದವು ಹೊಸ ಮಂಚಕ್ಕೆ ಹತ್ತುತ್ತವೆ. ಬಿಸಾಡಲೇಬೇಕಾದರೆ ಪ್ಲಾಸ್ಟಿಕ್‌ನಲ್ಲಿ ಸುತ್ತಿ, ಹರಿದು, "ತಿಗಣೆ ಇದೆ" ಅಂತ ದಪ್ಪಕ್ಷರದಲ್ಲಿ ಬರೆದು ಕೊಡಿ. ರಸ್ತೆ ಬದಿ ಚೆನ್ನಾಗಿ ಕಾಣುವ ಹಾಸಿಗೆಯನ್ನು ಇನ್ನೊಬ್ಬರು ಆಸೆಯಿಂದ ಮನೆಗೆ ಒಯ್ಯುತ್ತಾರೆ.

ಅಂಗಡಿಯ ಸ್ಪ್ರೇ

ಇನ್ನೂರು ಮುನ್ನೂರು ರೂಪಾಯಿಗೆ ಸಿಗುತ್ತದೆ, ಕೂಡಲೇ ಮಾಡಬಹುದು. ನೇರವಾಗಿ ಮೈಮೇಲೆ ಬಿದ್ದರೆ ಎಷ್ಟೋ ಸಾಯುತ್ತವೆ. ಅಲ್ಲಿಗೆ ಅದರ ಗುಣ ಮುಗಿಯಿತು. ಈ ಡಬ್ಬಗಳಲ್ಲಿ ಹೆಚ್ಚಾಗಿ ಇರುವುದು ಪೈರೆಥ್ರಾಯ್ಡ್ ಗುಂಪಿನ ಔಷಧಿ. ಪ್ರಪಂಚದ ಎಷ್ಟೋ ಕಡೆ ತಿಗಣೆಗಳು ಅದಕ್ಕೆ ಒಗ್ಗಿಕೊಂಡಿವೆ, ಭಾರತವೂ ಅದಕ್ಕೆ ಹೊರತಲ್ಲ. ಸಾಯದೆ ಉಳಿದವು ಪಕ್ಕದ ಕೋಣೆಗೆ ಹರಡುತ್ತವೆ. ಹಾಸಿಗೆ, ದಿಂಬು, ಮಗುವಿನ ತೊಟ್ಟಿಲಿಗೆ ಇದನ್ನು ಹೊಡೆಯಬೇಡಿ. ಹೊಗೆ ಬಿಡುವ ಫಾಗರ್ ಇನ್ನೂ ಕೆಳಗೆ, ಅದು ಗಾಳಿಯಲ್ಲಿ ತೇಲುತ್ತದೆ, ಸಂದಿಗೆ ಇಳಿಯುವುದಿಲ್ಲ. ಸೀಮೆಸುಣ್ಣದಂಥ ಕಡ್ಡಿ, ನುಸಿಗುಳಿಗೆ, ಕರ್ಪೂರ, ಪ್ಲಗ್‌ಗೆ ಹಾಕುವ ಅಲ್ಟ್ರಾಸಾನಿಕ್ ಯಂತ್ರ, ಇವುಗಳಿಗೆ ದುಡ್ಡು ಹಾಕಬೇಡಿ. ಸೀಮೆಎಣ್ಣೆ, ಪೆಟ್ರೋಲ್, ಸ್ಯಾನಿಟೈಸರ್ ಸುರಿಯುವುದು ಬೆಂಕಿಗೆ ಆಹ್ವಾನ.

ಈ ಎರಡು ಬೇಡವೇ ಬೇಡ

ಅಕ್ಕಿ ಮೂಟೆಗೆ, ಗೋದಾಮಿಗೆ ಇಡುವ ಮಾತ್ರೆ. ಅಲ್ಯೂಮಿನಿಯಂ ಫಾಸ್ಫೈಡ್. ಗಾಳಿಯ ತೇವ ತಾಗಿದರೆ ಅದರಿಂದ ಫಾಸ್ಫೀನ್ ಎಂಬ ಅನಿಲ ಬರುತ್ತದೆ. ಅದಕ್ಕೆ ಮರುಮದ್ದು ಇಲ್ಲ. ಬಾಗಿಲ ಸಂದಿ, ಗೋಡೆಯ ಬಿರುಕು, ಡಕ್ಟ್ ಹಿಡಿದು ಪಕ್ಕದ ಮನೆಯಲ್ಲಿ ಮಲಗಿದವರನ್ನೂ ತಲುಪುತ್ತದೆ. ತಿಗಣೆಗೆ ಅಂತ ಇದನ್ನು ಮನೆಯಲ್ಲಿಟ್ಟು ಜೀವ ಹೋದ ಸುದ್ದಿಗಳನ್ನು ನಮ್ಮ ದೇಶದಲ್ಲಿ ಮತ್ತೆ ಮತ್ತೆ ಓದುತ್ತಿದ್ದೇವೆ. ಯಾರಾದರೂ "ಮಾತ್ರೆ ಇಟ್ಟು ಬಾಗಿಲು ಹಾಕಿ ಹೋಗಿ, ಒಂದೇ ದಿನದಲ್ಲಿ ಕ್ಲೀನ್" ಅಂದರೆ ಅವರನ್ನು ಬಾಗಿಲಿಂದಲೇ ಕಳಿಸಿ. ಪಿಜಿಯಲ್ಲಿರುವವರು ಓನರ್ ಏನು ಹಾಕಿಸುತ್ತಿದ್ದಾರೆ ಅಂತ ಹೆಸರು ಕೇಳಿ ತಿಳಿದುಕೊಳ್ಳಿ. ಕೇಳುವುದು ನಿಮ್ಮ ಹಕ್ಕು. ಔಷಧಿ ಹೊಡೆದ ಕೋಣೆಯಲ್ಲಿ ತಲೆಸುತ್ತು, ವಾಂತಿ, ಉಸಿರು ಕಟ್ಟಿದ ಹಾಗೆ ಆದರೆ ಒಂದು ಕ್ಷಣವೂ ಕಾಯದೆ ಹೊರಗೆ ಬನ್ನಿ, 108ಕ್ಕೆ ಫೋನ್ ಮಾಡಿ.

ಇನ್ನೊಂದು ಡೈಕ್ಲೋರ್‌ವಾಸ್ ಎಂಬ ಕೀಟನಾಶಕ. ನುವಾನ್ ಅಂತ ಹಳಬರಿಗೆ ಗೊತ್ತು. ಕೇಂದ್ರ ಸರ್ಕಾರದ 2018ರ ಆದೇಶದಂತೆ 2020ರ ಡಿಸೆಂಬರ್ 31ರಿಂದ ಅದಕ್ಕೆ ನಿಷೇಧ ಇದೆ. ಹೆಸರಿಲ್ಲದ ಬಾಟಲಿಯಲ್ಲಿ "ತಿಗಣೆ ಔಷಧಿ" ಅಂತ ಫುಟ್‌ಪಾತ್‌ನಲ್ಲಿ ಕೂಗಿ ಮಾರುವುದರಲ್ಲಿ ಏನಿದೆ ಅಂತ ಮಾರುವವರಿಗೂ ಗೊತ್ತಿರುವುದಿಲ್ಲ. ಲೇಬಲ್ ಇಲ್ಲದ್ದು ಮನೆಯೊಳಗೆ ಬರಬಾರದು. ಲೇಬಲ್ ಇದ್ದರೆ ಅದರ ಮೇಲಿನ ತ್ರಿಕೋನದ ಬಣ್ಣ ನೋಡಿ: ಕೆಂಪು ಅತಿ ಹೆಚ್ಚು ವಿಷ, ಆಮೇಲೆ ಹಳದಿ, ನೀಲಿ, ಎಲ್ಲಕ್ಕಿಂತ ಕಡಿಮೆ ಹಸಿರು.

ಪೆಸ್ಟ್ ಕಂಟ್ರೋಲ್‌ನವರನ್ನು ಕರೆಯುವುದಾದರೆ

ಒಂದಕ್ಕಿಂತ ಹೆಚ್ಚು ಕೋಣೆಗೆ ಹರಡಿದ್ದರೆ, ಅಥವಾ ಬಿಸಿ, ಪುಡಿ ಎರಡೂ ಮಾಡಿ ಒಂದೂವರೆ ತಿಂಗಳಾದರೂ ಹೊಸ ಚುಕ್ಕೆ ಕಾಣುತ್ತಿದ್ದರೆ, ಕರೆಯಿರಿ. ನಾನು ವಿಚಾರಿಸಿದ ಕಡೆಗಳಲ್ಲಿ ಎರಡು ಬೆಡ್‌ರೂಮಿನ ಮನೆಗೆ ಎರಡು ಸಲದ ಕೆಲಸ ಸೇರಿ ಎರಡರಿಂದ ನಾಲ್ಕು ಸಾವಿರದವರೆಗೆ ಹೇಳಿದರು.

ನಮ್ಮ ಮನೆಗೆ ಮೊದಲು ಬಂದವರು ಹದಿನೈದು ನಿಮಿಷದಲ್ಲಿ ಕೆಲಸ ಮುಗಿಸಿದರು. ಹಾಸಿಗೆ ಎತ್ತಿದರು, ಹೊಡೆದರು, ಇಳಿಸಿದರು, ಸಹಿ ಹಾಕಿಸಿಕೊಂಡು ಹೋದರು. ಹನ್ನೆರಡನೇ ದಿನ ದಿಂಬಿನ ಬಿಳಿ ಕವರ್ ಮೇಲೆ ಗಸಗಸೆ ಕಾಳಿನಷ್ಟು, ಹೆಚ್ಚುಕಡಿಮೆ ಪಾರದರ್ಶಕವಾದ ಒಂದು ಮರಿ ನಡೆಯುತ್ತಿತ್ತು. ಹೊಟ್ಟೆಯಲ್ಲಿ ಮಾತ್ರ ಒಂದು ಕೆಂಪು ಚುಕ್ಕೆ. ಅದು ನನ್ನ ಮಗನ ರಕ್ತ. ಫೋನ್ ಮಾಡಿದರೆ "ಮತ್ತೆ ದುಡ್ಡಾಗುತ್ತೆ ಮೇಡಂ" ಅಂದರು. ಎರಡನೇ ಸಲ ಬೇರೆಯವರನ್ನು ಕರೆದೆ. ಆ ಹುಡುಗ ಬಂದವನೇ ಮೊದಲು ಕೇಳಿದ್ದು, "ಅಕ್ಕಾ, ಸ್ಕ್ರೂಡ್ರೈವರ್ ಇದೆಯಾ?" ಮಂಚ ಪೂರ್ತಿ ಬಿಚ್ಚಿದ. ಸ್ವಿಚ್ ಬೋರ್ಡ್ ಮುಚ್ಚಳ ತೆಗೆದು ಅಲ್ಲಿಗೆ ಪುಡಿ ಮಾತ್ರ ಹಾಕಿದ, ದ್ರವ ಹಾಕಲಿಲ್ಲ. ಎರಡು ಗಂಟೆ ಕೆಲಸ ಮಾಡಿದ. ಎರಡೂ ಕಡೆ ಬೆಲೆಯಲ್ಲಿ ಇದ್ದದ್ದು ಆರುನೂರು ರೂಪಾಯಿ ವ್ಯತ್ಯಾಸ.

ಅದಕ್ಕೇ ಹೇಳುತ್ತೇನೆ, ಬೆಲೆ ಕೇಳುವ ಮೊದಲು ಈ ಪ್ರಶ್ನೆ ಕೇಳಿ. ಎರಡನೇ ಸಲ ಬರುವುದು ಯಾವಾಗ, ಅದಕ್ಕೆ ಬೇರೆ ದುಡ್ಡಾ? ಹತ್ತರಿಂದ ಹದಿನಾಲ್ಕು ದಿನದೊಳಗೆ ಅಂತ ಹೇಳಿದರೆ ಅವರಿಗೆ ಮೊಟ್ಟೆಯ ವಿಷಯ ಗೊತ್ತಿದೆ. ಯಾವ ಔಷಧಿ, ಲೇಬಲ್ ತೋರಿಸುತ್ತೀರಾ? ಮಂಚ ಬಿಚ್ಚುತ್ತೀರಾ? ಪರವಾನಗಿ ಇದೆಯಾ? 1968ರ ಕೀಟನಾಶಕ ಕಾಯ್ದೆಯಡಿ ಈ ವ್ಯಾಪಾರಕ್ಕೆ ಪರವಾನಗಿ ಬೇಕು. "ಜೆಲ್ ಹಾಕ್ತೀವಿ, ತಿಗಣೆನೂ ಹೋಗುತ್ತೆ" ಅಂದರೆ ಬೇಡ ಅನ್ನಿ. ಜೆಲ್ ಜಿರಳೆ ತಿನ್ನಲಿ ಅಂತ ಇಡುವ ಆಹಾರ. ತಿಗಣೆ ರಕ್ತ ಬಿಟ್ಟು ಬೇರೆ ಏನನ್ನೂ ತಿನ್ನುವುದಿಲ್ಲ. "ಹರ್ಬಲ್, ವಾಸನೆ ಇಲ್ಲ, ಮಗು ಇದ್ದರೂ ಪರವಾಗಿಲ್ಲ" ಅನ್ನುವ ಮಾತಿಗೂ ಲೇಬಲ್ ತೋರಿಸಲು ಹೇಳಿ.

ಹೊಡೆಸಿದ ದಿನ ಔಷಧಿ ಪೂರ್ತಿ ಒಣಗುವವರೆಗೆ ಯಾರೂ ಒಳಗಿರಬಾರದು. ಎಷ್ಟು ಗಂಟೆ ಅಂತ ಅವರಿಂದಲೇ ಬರೆಸಿಕೊಳ್ಳಿ. ಬಂದ ಮೇಲೆ ಕಿಟಕಿ ಎಲ್ಲಾ ತೆಗೆದು ಗಾಳಿಯಾಡಲು ಬಿಡಿ. ಕೂಸು ಇದ್ದರೆ ಒಂದೆರಡು ದಿನ ತವರಿಗೋ ನೆಂಟರ ಮನೆಗೋ ಹೋಗುವುದು ವಾಸಿ. ಆದರೆ ಒಯ್ಯುವ ಬಟ್ಟೆಯೆಲ್ಲ ಬಿಸಿನೀರು ಕಂಡಿರಬೇಕು.

ಕೋಣೆಯನ್ನೇ 50 ಡಿಗ್ರಿಗಿಂತ ಮೇಲೆ ಕಾಯಿಸುವ ಯಂತ್ರದ ಪದ್ಧತಿಯೂ ಇದೆ. ಔಷಧಿ ಇಲ್ಲ, ಮೊಟ್ಟೆಯೂ ಸಾಯುತ್ತದೆ, ಕೆಲಸ ಒಂದೇ ದಿನದ್ದು. ಎಲ್ಲ ಕಂಪನಿಗಳ ಹತ್ತಿರ ಇಲ್ಲ, ಬೆಲೆಯೂ ಜಾಸ್ತಿ. ಕೈಯಲ್ಲಿ ದುಡ್ಡಿದ್ದು, ಔಷಧಿ ಹಾಕಲಾಗದ ರೋಗಿ ಮನೆಯಲ್ಲಿದ್ದರೆ ಮಾತ್ರ ಹುಡುಕಿ.

ಯಾರಿಗೆ ಯಾವುದು?

ಅಕ್ಕನ ಮಗಳಿಗೆ ಹೇಳಿದ್ದು ಇದು. ಪಿಜಿಯಲ್ಲಿ ಒಂದು ರೂಮಿಗೆ ಮಾತ್ರ ಹೊಡೆಸಿ ಪ್ರಯೋಜನ ಇಲ್ಲ, ಎಡ ಬಲ ಮೇಲೆ ಕೆಳಗಿನ ರೂಮುಗಳೂ ಸೇರಬೇಕು. ಅದನ್ನು ನಾಲ್ಕು ಹುಡುಗಿಯರು ಒಟ್ಟಿಗೆ ಹೋಗಿ ಓನರ್‌ಗೆ ಕೇಳಿ, ಎರಡು ಸಲದ ಪೆಸ್ಟ್ ಕಂಟ್ರೋಲ್ ಆಗಬೇಕು ಅಂತ. ಅಲ್ಲಿವರೆಗೆ ಕೈಯಲ್ಲಿರುವುದು ಕಬ್ಬಿಣದ ಮಂಚ, ಒಂದು ಕೆಟಲ್. ಮಂಚ ಗೋಡೆಯಿಂದ ಒಂದು ಗೇಣು ದೂರ ಎಳಿ, ಹೊದಿಕೆ ನೆಲಕ್ಕೆ ತಾಗದಿರಲಿ, ಬ್ಯಾಗನ್ನು ಮಂಚದ ಮೇಲೆ ಇಡಬೇಡ. ರೂಮ್‌ಮೇಟ್ ಹೇಳಿದ ಪುಡಿ ಗೋಡೆಯ ಬಿರುಕಿಗೆ ಸರಿ. ಊರಿಗೆ ಬರುವಾಗ ಬಟ್ಟೆ ಚೀಲದಲ್ಲಿ ಬಿಗಿದು ತಾ, ಬಾಗಿಲಲ್ಲೇ ಬಿಸಿನೀರಿಗೆ ಹಾಕೋಣ.

ಗೆಳತಿಗೆ ಸ್ಟೀಮರ್, ಹಾಸಿಗೆ ಕವರ್. ಅವಳ ಮನೆಯಲ್ಲಿ ತಿಗಣೆ ಕಂಡದ್ದು ಮಲಗುವ ಕೋಣೆಯಲ್ಲಿ ಮಾತ್ರ. ವಾರಕ್ಕೊಂದು ಸಲದಂತೆ ನಾಲ್ಕು ವಾರ ಹಬೆ ಹಿಡಿದರೆ ಮೊಟ್ಟೆ ಒಡೆದು ಬರುವವೂ ಸಿಗುತ್ತವೆ. ಸ್ಟೀಮರ್, ಕವರ್ ಸೇರಿ ಐದಾರು ಸಾವಿರ. ಪೆಸ್ಟ್ ಕಂಟ್ರೋಲ್‌ಗಿಂತ ಜಾಸ್ತಿಯೇ ಆಯಿತು. ಮಗುವಿನ ಉಸಿರಿಗೆ ಔಷಧಿ ಹೋಗುವುದಿಲ್ಲ ಅನ್ನುವುದಕ್ಕೆ ಕೊಡುವ ಬೆಲೆ ಅದು. ಅವಳ ಗಂಡ ಕೋಣೆ ಬದಲಾಯಿಸಿ ಹಾಲ್‌ನಲ್ಲಿ ಮಲಗೋಣ ಅಂದಿದ್ದರು. ಅದನ್ನು ಮಾಡಬೇಡಿ ಅಂತ ಒತ್ತಿ ಹೇಳಿದೆ. ಜನ ಮಲಗಿದ ಕಡೆಗೇ ಅವೂ ಹೊರಡುತ್ತವೆ, ಸೋಫಾಗೂ ಹತ್ತಿಬಿಡುತ್ತವೆ.

ಅಪಾರ್ಟ್‌ಮೆಂಟ್‌ನಲ್ಲಿ ಸ್ವಂತ ಮನೆ, ಬಾಕ್ಸ್ ಮಂಚ, ಎರಡು ಮೂರು ಕೋಣೆಗೆ ಹರಡಿದೆ ಅನ್ನುವವರು ಪೆಸ್ಟ್ ಕಂಟ್ರೋಲ್‌ನಿಂದಲೇ ಶುರು ಮಾಡಿ. ಬಟ್ಟೆಗೆ ಬಿಸಿ, ಸಂದಿಗೆ ಔಷಧಿ, ಹಾಸಿಗೆಗೆ ಕವರ್. ಬಾಡಿಗೆದಾರರು ಫೋಟೋ ತೆಗೆದು ಮನೆ ಮಾಲೀಕರಿಗೆ ಕೂಡಲೇ ತಿಳಿಸಿ, ಅಡ್ವಾನ್ಸ್ ವಾಪಸ್ ಕೇಳುವ ದಿನ ಈ ಮಾತು ಎದ್ದರೆ ಕಷ್ಟ. ದುಡ್ಡು ತೀರಾ ಕಡಿಮೆ ಇರುವವರಿಗೆ ಬಿಸಿನೀರು, ಬ್ರಷ್, ಸ್ವಲ್ಪ ಪುಡಿ, ಎರಡು ತಿಂಗಳ ತಾಳ್ಮೆ. ಇವಿಷ್ಟರಿಂದ ಒಂದು ಕೋಣೆಯ ಮನೆ ಉಳಿಸಿಕೊಂಡವರನ್ನು ನಾನು ನೋಡಿದ್ದೇನೆ.

ಹೋಯಿತು ಅಂತ ಯಾವಾಗ ನಂಬುವುದು? ಮಂಚದ ನಾಲ್ಕು ಕಾಲಿಗೂ ಬಟ್ಟಲು ಇಡಿ, ಇರುವೆ ಬಾರದಿರಲು ಹಿಂದೆ ಸಕ್ಕರೆ ಡಬ್ಬದ ಕೆಳಗೆ ಇಡುತ್ತಿದ್ದರಲ್ಲ, ಹಾಗೆ. ಹೊರದೇಶಗಳಲ್ಲಿ ಒಣ ಬಟ್ಟಲು ಸಾಕು ಅನ್ನುತ್ತಾರೆ, ನಯವಾದ ಗೋಡೆ ಅಲ್ಲಿನ ತಿಗಣೆಗೆ ಹತ್ತಲು ಬರುವುದಿಲ್ಲ. ಬಿಸಿನಾಡುಗಳಲ್ಲಿ ಇರುವ ಸೈಮೆಕ್ಸ್ ಹೆಮಿಪ್ಟೆರಸ್ ಎಂಬ ಜಾತಿ ನಯವಾದುದನ್ನೂ ಹತ್ತುತ್ತದೆ. ಆದ್ದರಿಂದ ಬಟ್ಟಲಲ್ಲಿ ಒಂದು ಬೆರಳು ನೀರು, ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ. ಮಂಚ ಗೋಡೆಗೆ ತಾಗಬಾರದು. ಭಾನುವಾರಕ್ಕೊಮ್ಮೆ ಟಾರ್ಚ್ ಬಿಟ್ಟು ಬಟ್ಟಲು ನೋಡಿ, ಬಿಳಿ ಬೆಡ್‌ಶೀಟ್ ನೋಡಿ, ನೀರು ಬದಲಾಯಿಸಿ. ಎಂಟು ವಾರ ಸತತವಾಗಿ ಬಟ್ಟಲು ಖಾಲಿ, ಶೀಟಿನ ಮೇಲೆ ಹೊಸ ಚುಕ್ಕೆ ಇಲ್ಲ ಅಂದರೆ ನಂಬಬಹುದು. ನಮ್ಮ ಮನೆಯಲ್ಲಿ ಐದನೇ ವಾರ ಒಂದು ಸಿಕ್ಕಿತು. ಲೆಕ್ಕವನ್ನು ಮತ್ತೆ ಒಂದರಿಂದ ಶುರು ಮಾಡಿದೆವು.